ಅಂಗಳ ಖಾಲಿ ಇದ್ದ ದಿನ

ಕೆಲವು ತಿಂಗಳ ಹಿಂದೆ ಮಡಕಶಿರದ ವಾರ್ಡ್ ಸಚಿವಾಲಯವೆಂಬ ಬಡಾವಣೆ ಕಚೇರಿಗೆ ಹೊಸದಾಗಿ ಸೇರಿದ ಪ್ಲಾನಿಂಗ್ ಸೆಕ್ರೆಟರಿ ಹುಡುಗಿಯೊಬ್ಬಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದಳು. ರಾಯದುರ್ಗದಲ್ಲೂ ಮಡಕಶಿರದಲ್ಲೂ ಟೌನ್ ಪ್ಲಾನಿಂಗ್ ಓವರ್ಸಿಯರ್ ಆಗಿದ್ದು ನಿವೃತ್ತಳಾದವಳು ನಾನು ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ. ಕಾಫಿ ಕುಡಿಯುತ್ತಾ, ಕಟ್ಟಡ ನೋಡಲು ಹೋದಾಗ ಮೊದಲು ಏನು ನೋಡಬೇಕು ಎಂದು ಕೇಳಿದಳು. ಬಿಟ್ಟಿರುವ ಜಾಗವೋ, ಎತ್ತರವೋ, ಪಾರ್ಕಿಂಗೋ?

"ಮೆಟ್ಟಿಲು" ಎಂದೆ.

ಪ್ರಶ್ನೆ ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಅವಳು ನಕ್ಕಳು. ಅವಳು ಹೋದ ಮೇಲೆ ಬೇಸರವಾಯಿತು. ಕಾರಣ ಹೇಳದೆ ಹೇಳಿದ ಉಪದೇಶ ಎಷ್ಟು ದಿನ ನಿಲ್ಲುತ್ತದೆ? ಕಾರಣವನ್ನು ಬಾಯಲ್ಲಿ ಹೇಳಲು ಹೊರಟರೆ ನನಗೆ ಅರ್ಧದಲ್ಲೇ ಕೆಮ್ಮು ಬರುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಅನಂತಪುರದಲ್ಲಿ ಓದು ಮುಗಿಸಿ ರಾಯದುರ್ಗದ ಮುನ್ಸಿಪಾಲಿಟಿಗೆ ಸೇರಿದಾಗ ಆ ಊರಿನಲ್ಲಿ ಮಗ್ಗದ ಸದ್ದು ಅಡಗಿ ಹೊಲಿಗೆ ಯಂತ್ರದ ಸದ್ದು ಏಳುತ್ತಿತ್ತು. ಒಂದು ಬೀದಿಯಲ್ಲಿ ಜೀನ್ಸ್ ಕತ್ತರಿಸುವವರು, ಇನ್ನೊಂದರಲ್ಲಿ ಹೊಲಿಯುವವರು, ಮತ್ತೊಂದರಲ್ಲಿ ಗುಂಡಿ ಒತ್ತುವವರು. ಬಳ್ಳಾರಿಯಿಂದ ರೋಲುಗಟ್ಟಲೆ ಬಂದ ಬಟ್ಟೆ ಪ್ಯಾಂಟಾಗಿ ಬಳ್ಳಾರಿಗೇ ಹೋಗುತ್ತಿತ್ತು. ಮನೆಯೆಂದು ನಕ್ಷೆ ಮಂಜೂರು ಮಾಡಿಸಿಕೊಂಡವರು ಗೋಡೆ ಒಣಗುವ ಮೊದಲೇ ಯಂತ್ರ ಇಳಿಸುತ್ತಿದ್ದರು. ನಮ್ಮ ಕೈಯಲ್ಲಿ ಇದ್ದದ್ದು ಒಂದು ಟೇಪು, ಅಮೋನಿಯಾ ವಾಸನೆಯ ನೀಲಿ ನಕ್ಷೆಗಳು, ಮತ್ತು ಬಾಷಾ. ಬಾಷಾ ನಮ್ಮ ಚೈನ್‌ಮನ್, ಟೇಪಿನ ಇನ್ನೊಂದು ತುದಿ ಹಿಡಿಯುವವನು.

ಮೇಲಧಿಕಾರಿ ಮೂರ್ತಿ ಸಾರು. ಬಿಳಿ ಅಂಗಿ, ಗಲಾಟೆಯೆಂದರೆ ಆಗದ ಮನುಷ್ಯ. ಸೇರಿದ ಹೊಸದರಲ್ಲೇ ಅವರು ನನ್ನನ್ನು ಮಾರ್ಕೆಟ್ ಬೀದಿಯ ಗಡಿಯಾರದ ಕಾಂಪ್ಲೆಕ್ಸಿಗೆ ಕರೆದುಕೊಂಡು ಹೋದರು. ಹಣೆಯ ಮೇಲೆ ಕೆಟ್ಟು ನಿಂತ ದೊಡ್ಡ ಗಡಿಯಾರವಿದ್ದ ಕಟ್ಟಡ. ಕೆಳಗೆ ಅಂಗಡಿಗಳು, ಮೊದಲ ಮಹಡಿಯಲ್ಲಿ ಬಟ್ಟೆಯ ಗೋದಾಮು, ಎರಡನೆಯ ಮಹಡಿಯಲ್ಲಿ ಹೊಲಿಗೆ. ಮುಂದೆ ರಸ್ತೆಯವರೆಗೆ ಅಗಲವಾದ, ಬಂಡೆ ಹಾಸಿದ ಅಂಗಳ.

"ಈ ಅಂಗಳ ಯಾರದಮ್ಮಾ?" ಎಂದು ಕೇಳಿದರು.

ರಸ್ತೆಯದು ಎಂದೆ. ಅಲ್ಲ ಎಂದರು. ಹಾಗಾದರೆ ಮಾಲೀಕರದು ಎಂದೆ. ಅದೂ ಪೂರ್ತಿ ನಿಜವಲ್ಲ ಎಂದರು. ಪತ್ರ ಮಾಲೀಕನ ಹೆಸರಿನಲ್ಲಿದೆ, ತೆರಿಗೆ ಕಟ್ಟುವವನೂ ಅವನೇ. ಆದರೆ ಊರಿನವರು ಓಡಾಡಲು, ಕೂರಲು ಆ ಜಾಗವನ್ನು ಸದಾ ತೆರೆದಿಡುತ್ತೇನೆಂದು ಬರೆದುಕೊಟ್ಟಿದ್ದಕ್ಕೇ ಅವನಿಗೆ ಎರಡನೆಯ ಮಹಡಿಗೆ ಅನುಮತಿ ಸಿಕ್ಕಿದೆ. "ನೆಲ ಕೊಟ್ಟು ಆಕಾಶ ತಗೊಂಡಿದಾನೆ. ಆಕಾಶ ವಾಪಸ್ ಕೊಡಲ್ಲ. ನೆಲ ಮಾತ್ರ ದಿನಾ ಒಂದು ಗೇಣು ವಾಪಸ್ ತಗೋತಾನೆ. ಆ ಗೇಣು ಕಾಯೋದೇ ನಿನ್ನ ಕೆಲಸ."

ನನ್ನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ವಿವರಿಸಿಲ್ಲ. ಹೇಳಿದವರನ್ನು ಇವತ್ತಿಗೂ ಗೌರವಿಸುತ್ತೇನೆ. ಮುಂದೆ ಬರುವುದನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಲಿ.

ಒತ್ತುವರಿ ಒಂದೇ ದಿನ ಬರುವುದಿಲ್ಲ. ಮೊದಲು ಎರಡು ಹೂವಿನ ಕುಂಡ ಬರುತ್ತವೆ. ಆಮೇಲೆ ಕುಂಡಗಳ ನಡುವೆ ಒಂದು ಸರಪಳಿ. ಸರಪಳಿ ಕಾಯಲು ಒಬ್ಬ ಕಾವಲುಗಾರ. ಅವನಿಗೆ ನೆರಳು ಬೇಕೆಂದು ತಗಡು. ಗಡಿಯಾರದ ಕಾಂಪ್ಲೆಕ್ಸಿನಲ್ಲಿ ಕುಂಡ ಬಂದಾಗ ನಾನು ನೋಟಿಸು ಬರೆದೆ. ಆಗಿದ್ದ ಕಮಿಷನರ್ ಅದನ್ನು ಓದಿ, ಊರು ಚಂದವಾಗುವುದು ನಿನಗೆ ಬೇಡವೇ, ಗಿಡಕ್ಕೂ ನೋಟಿಸು ಕೊಡುತ್ತೀಯಾ ಎಂದು ಎಲ್ಲರೆದುರು ನಕ್ಕರು. ಹೊರಗೆ ಬಂದಾಗ ಬಾಷಾ, "ಹೋಗ್ಲಿ ಬಿಡ್ರಿ ಮೇಡಮ್. ಕುಂಡಕ್ಕ ಕಾಲು ಬಂದು ರಸ್ತೆಗೆ ಇಳಿದ ಮ್ಯಾಲೆ ಸಾಹೇಬ್ರೇ ಎಡವಿ ಬೀಳ್ತಾರ" ಎಂದು ಸಮಾಧಾನ ಮಾಡಿದ.

ಮಾಲೀಕ ತಿಪ್ಪೇಸ್ವಾಮಿ ಕೆಟ್ಟ ಮನುಷ್ಯನಲ್ಲ. ಬೇಸಿಗೆಯಲ್ಲಿ ದಾರಿಹೋಕರಿಗೆಂದು ಮಡಕೆಯಲ್ಲಿ ನೀರು ಇಡಿಸುತ್ತಿದ್ದವರು. ಆದರೆ ಅಂಗಳದ ಮಾತು ಬಂದರೆ ಅವರಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ. "ನಿಮ್ಮ ಪಡಸಾಲ್ಯಾಗ ನೀವು ಮಂಚ ಹಾಕ್ಕಂಡ್ರ ನಾ ಬಂದು ಟೇಪ್ ಹಿಡೀತೀನೇನ್ರಿ, ಮೇಡಮ್ಮಾರ?" ಎನ್ನುತ್ತಿದ್ದರು. ಎರಡನೆಯ ಮಹಡಿಯ ಮಾತು ತೆಗೆದರೆ, ಅದು ಆಗಲೇ ಕಟ್ಟಿ ಆಯಿತಲ್ಲ ಎನ್ನುತ್ತಿದ್ದರು. ಹೀಗೆ ಅಂಗಳಕ್ಕೆ ಬಟ್ಟೆಯ ಮೂಟೆಗಳು ಬಂದವು. ಕೆಳಗಿನ ಊಟದ ಮೆಸ್ಸಿನ ಬೆಂಚು ಬಂತು. ಹೊಲಿಗೆಯವರ ಜನರೇಟರ್ ಚಕ್ರದ ಗಾಡಿಯ ಮೇಲೆ ಬಂದು ಗಡಿಯಾರದ ಕೆಳಗೆ ನಿಂತಿತು.

ಮೊದಮೊದಲು ನಾವು ಟ್ರ್ಯಾಕ್ಟರ್ ತೆಗೆದುಕೊಂಡು ಹೇಳದೆ ಕೇಳದೆ ಹೋಗಿ ಸಾಮಾನು ಎತ್ತಿ ಹಾಕುತ್ತಿದ್ದೆವು. ಒಮ್ಮೆ ಗುಂಡಿ ಅಂಗಡಿಯವನ ಡಬ್ಬಗಳು ಉರುಳಿ, ಬೀದಿಯ ತುಂಬಾ ಹಿತ್ತಾಳೆ ಗುಂಡಿ ಚೆಲ್ಲಿ, ಅದನ್ನು ಆರಿಸಲು ಬಗ್ಗಿದವನನ್ನು ಯಾರೋ ತುಳಿದು, ಕಲ್ಲು ತೂರಾಟವೇ ಆಯಿತು. ಅವತ್ತು ಮೂರ್ತಿ ಸಾರವರ ಬಿಳಿ ಅಂಗಿ ಹರಿಯಿತು. ಆಮೇಲೆ ಅವರು ಹೊಸ ಪದ್ಧತಿ ತಂದರು: ಕಾರ್ಯಾಚರಣೆಯ ಹಿಂದಿನ ದಿನ ಆಟೋಕ್ಕೆ ಮೈಕ್ ಕಟ್ಟಿ ಬೀದಿ ಬೀದಿ ಸಾರುವುದು. ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ: ನಾಳೆ ಮುನ್ಸಿಪಾಲಿಟಿಯವರು ಬರುತ್ತಾರೆ, ನಿಮ್ಮ ನಿಮ್ಮ ಸಾಮಾನು ನೀವೇ ತೆಗೆದುಕೊಳ್ಳಿ.

ಅದು ಮಂತ್ರದ ಹಾಗೆ ಕೆಲಸ ಮಾಡಿತು. ಮರುದಿನ ಹೋದರೆ ಅಂಗಳಗಳೆಲ್ಲ ಖಾಲಿ. ಜಗಳವಿಲ್ಲ, ಕೋರ್ಟಿಲ್ಲ. ನಾವು ಖಾಲಿ ಜಾಗದ ಫೋಟೋ ತೆಗೆದು ಫೈಲಿಗೆ ಅಂಟಿಸುತ್ತಿದ್ದೆವು. ಅದರ ಮರುದಿನ ಎಲ್ಲವೂ ಹೊರಗೆ ಬರುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಬೇರೆ ಊರಿನ ಮುನ್ಸಿಪಾಲಿಟಿಯವರೂ ಬಂದು ಕೇಳಿಕೊಂಡು ಹೋದರು. ಆದರೆ ಹೊರಗಿದ್ದ ಸಾಮಾನು ಆ ಒಂದು ದಿನ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಯೋಚಿಸಲಿಲ್ಲ.

ಆ ದಿನಗಳಲ್ಲೇ ನನ್ನ ಅಕ್ಕನ ಮಗಳು ರತ್ನ ಹೊಲಿಗೆಗೆ ಸೇರಿದ್ದು. ಅಕ್ಕನ ಊರು ಅಗಳಿಯ ಹತ್ತಿರ. ಆ ಕಡೆಯ ಹುಡುಗಿಯರೆಲ್ಲ ಗಾರ್ಮೆಂಟ್ಸ್ ಕೆಲಸಕ್ಕೆ ಹಿಂದೂಪುರಕ್ಕೋ ಬೆಂಗಳೂರಿಗೋ ಹೊರಟಿದ್ದರು. ಬಸ್ಸಿನ ತುಂಬಾ ಅವರೇ. ಅಕ್ಕನಿಗೆ ಮಗಳನ್ನು ಕಾಣದ ಊರಿಗೆ ಕಳಿಸಲು ಧೈರ್ಯ ಬರಲಿಲ್ಲ. "ನಿನ್ ಕಣ್ ಮುಂದೆ ಇರ್ತಾಳೆ ಅಂತ ಕಳಿಸ್ತಾ ಇವ್ನಿ. ನೋಡ್ಕ" ಎಂದು ಬಸ್ಸು ಹತ್ತಿಸಿದಳು. ಗಡಿಯಾರದ ಕಾಂಪ್ಲೆಕ್ಸಿನ ಎರಡನೆಯ ಮಹಡಿಯಲ್ಲಿ ಕೆಲಸ ಸಿಕ್ಕಿತು. ನಮ್ಮ ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರ. ನನಗೂ ಒಳ್ಳೆಯದೇ ಆಯಿತು ಅನ್ನಿಸಿತ್ತು.

ಮಧ್ಯಾಹ್ನ ಹೊಲಿಗೆಯ ಹೆಂಗಸರೆಲ್ಲ ಬುತ್ತಿ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು. ಮೂಟೆಗಳ ಸಂದಿಯಲ್ಲಿ, ಜನರೇಟರಿನ ಬಿಸಿಗಾಳಿಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಊಟ. ಅವರಲ್ಲಿ ಹಿರಿಯಳು ಸಾಕಮ್ಮ, ಭೈರವಾನಿತಿಪ್ಪದ ಕಡೆಯವಳು. ಹೊಲಿದು ಬಂದ ಪ್ಯಾಂಟಿನ ಉಳಿದ ದಾರ ಕತ್ತರಿಸುವುದು ಅವಳ ಕೆಲಸ. ಗಡಿಯಾರದ ಕೆಳಗಿನ ಕಂಬಕ್ಕೆ ಒರಗಿ ಕೂರುವುದು ಅವಳ ಹಕ್ಕು. ನಾನು ಟೇಪು ಹಿಡಿದು ಬಂದರೆ ಸಾಕು, "ಬಂದ್ರು ನೋಡ್ರಿ ಟೇಪ್ ಮೇಡಮ್ಮು. ನಮ್ಮ ಕುಂಡಿ ಎಷ್ಟು ಜಾಗ ಹಿಡೀತಾವ ಅಂತ ಒಮ್ಮೆ ಅಳೀರಿ. ಹೆಚ್ಚಾದ್ರ ನೋಟಿಸ್ ಕೊಡ್ರಿ" ಎನ್ನುತ್ತಿದ್ದಳು. ಹೆಂಗಸರೆಲ್ಲ ನಕ್ಕರೆ ರತ್ನ ಮಾತ್ರ ನನಗೆ ಸಿಟ್ಟು ಬಂತೇನೋ ಎಂದು ಮುಖ ನೋಡುತ್ತಿದ್ದಳು. ಸಿಟ್ಟು ಬರುತ್ತಿರಲಿಲ್ಲ. ಆ ಅಂಗಳ ಯಾರಿಗೆಂದು ಬಿಡಿಸಿದ್ದೋ ಅವರು ಅದರಲ್ಲಿ ಕೂತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ನಾನು ಹೇಳಹೊರಟ ದಿನದ ಕಾರ್ಯಾಚರಣೆಗೂ ಹಿಂದಿನ ದಿನ ಮೈಕ್ ತಿರುಗಿತ್ತು. ಬೆಳಗ್ಗೆ ಹೋದಾಗ ಗಡಿಯಾರದ ಕಾಂಪ್ಲೆಕ್ಸಿನ ಅಂಗಳ ಹಬ್ಬದ ಮನೆಯ ಮುಂದಿನಂತೆ ಗುಡಿಸಿ, ನೀರು ಚಿಮುಕಿಸಿದ್ದರು. ಕುಂಡವಿಲ್ಲ, ಬೆಂಚಿಲ್ಲ, ಒಂದು ಮೂಟೆಯಿಲ್ಲ. ಬೋರ್ಡು ಬಿಚ್ಚಲೆಂದು ತಂದಿದ್ದ ನಮ್ಮ ಟ್ರ್ಯಾಕ್ಟರ್, ಏಣಿ, ಆಳುಗಳು ಕೆಲಸವಿಲ್ಲದೆ ನಿಂತರು. ತಿಪ್ಪೇಸ್ವಾಮಿ ಎಳನೀರು ತರಿಸಿದರು. ಮಧ್ಯಾಹ್ನ ಕಮಿಷನರ್ ಬಂದು ನೋಡುವವರಿದ್ದರು. ಅಲ್ಲಿಯವರೆಗೆ ಅಂಗಳಕ್ಕೆ ಒಂದು ಕಾಗದದ ಚೂರೂ ಬೀಳದಂತೆ ಮೂರ್ತಿ ಸಾರು ಕಾವಲು ನಿಂತಿದ್ದರು. "ನೋಡಮ್ಮಾ, ಒಂದು ಮಾತು ಸಾರಿದ್ದಕ್ಕೆ ಹೇಗಾಯ್ತು" ಎಂದು ನನಗೆ ತೋರಿಸಿದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು.

ನನಗೆ ಮೇಲೆ ಕೆಲಸವಿತ್ತು. ತಾರಸಿಯ ಮೇಲೆ ಹೊಸದಾಗಿ ತಗಡಿನ ಶೆಡ್ಡು ಏಳುತ್ತಿದೆ ಎಂದು ಪಕ್ಕದ ಮನೆಯವರ ದೂರು ಬಂದಿತ್ತು. ಬಾಷಾನನ್ನು ಕರೆದರೆ, "ನನ್ನ ಮೊಣಕಾಲು ಎರಡನೇ ಮಹಡಿಗೆ ಮಂಜೂರಾಗಿಲ್ರಿ ಮೇಡಮ್" ಎಂದು ಟ್ರ್ಯಾಕ್ಟರಿನ ನೆರಳಲ್ಲೇ ಕೂತ. ಒಬ್ಬಳೇ ಹೋದೆ.

ಮೆಟ್ಟಿಲ ಬಾಗಿಲು ದಾಟಿದ ಕೂಡಲೇ ಅಂಗಳದ ಸಾಮಾನೆಲ್ಲ ಕಣ್ಣಿಗೆ ಬಿತ್ತು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಜನರೇಟರ್. ಮೊದಲ ಮೆಟ್ಟಿಲಿನಿಂದಲೇ ಗೋಡೆಗೆ ಆನಿಸಿ ಜೀನ್ಸ್ ಬಟ್ಟೆಯ ಮೂಟೆಗಳು, ಒಂದರ ಮೇಲೊಂದು, ತಲೆಯ ಮಟ್ಟಕ್ಕೆ. ನೇರ ಹತ್ತುವಂತಿಲ್ಲ, ಅಡ್ಡ ತಿರುಗಿ ಏರಬೇಕು. ಸೀರೆಗೆ ನೀಲಿ ಹತ್ತಿತು. ಮೊದಲ ತಿರುವಿನಲ್ಲಿ ಸಾಕಮ್ಮ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು.

ಇಲ್ಲೇಕೆ ಕೂತಿದ್ದೀರಿ, ಕೆಳಗೆ ಹೋಗಿ ಎಂದೆ.

"ಕೆಳಗ ಫೋಟೋ ಹೊಡೀತಾರಂತ್ರಿ. ದೊಡ್ಡ ಸಾಹೇಬ್ರು ಬಂದು ಹೋಗೋತನ ಯಾರೂ ಇಳೀಬ್ಯಾಡ್ರಿ ಅಂದಾರ. ಮ್ಯಾಲ ಕುಂತ್ರ ದಾರದ ಧೂಳು, ಅನ್ನದಾಗ ಬೀಳ್ತೈತಿ. ಹೋಗ್ರಿ, ಹೋಗ್ರಿ" ಎಂದು ಕಾಲು ಮಡಚಿ ನನಗೆ ದಾರಿ ಬಿಟ್ಟಳು. "ಇವತ್ತು ಅಂಗಳ ನಿಮ್ಮದು."

ಮೇಲೆ ಹೆಂಗಸರು ಯಂತ್ರದ ಪಕ್ಕದಲ್ಲೇ ಡಬ್ಬಿ ಇಟ್ಟುಕೊಂಡಿದ್ದರು. ತಾರಸಿಯ ಬಾಗಿಲಿಗೆ ಬೀಗ. ಕೀಲಿ ಕೆಳಗೆ ಎಳನೀರು ಕುಡಿಯುತ್ತಿದ್ದ ಹೊಲಿಗೆಯ ಸೂಪರ್‌ವೈಸರ್ ಹತ್ತಿರ. ರತ್ನ ಓಡಿ ಬಂದು ಮೆಲ್ಲಗೆ ಹೇಳಿದಳು: "ಚಿಕ್ಕಮ್ಮ, ಮೆಟ್ಟಲ ಮ್ಯಾಲೆಲ್ಲ ಮೂಟೆ ಪೇರ್ಸವ್ರೆ. ಒಬ್ಬೊಬ್ರೇ ಅಡ್ಡ ತಿರಿಕ್ಕಂಡು ಬರ್ಬೇಕು. ನೀನ್ ಹೇಳುದ್ರೆ ತೆಗೀತಾರೆ, ಹೇಳು." ಕೆಳಗಿಳಿದ ತಕ್ಷಣ ಹೇಳುತ್ತೇನೆ ಎಂದೆ.

ಆಗ ಕರೆಂಟು ಹೋಯಿತು. ಅದು ದಿನವೂ ಹೋಗುವ ಹೊತ್ತೇ. ಯಂತ್ರಗಳು ಒಂದೊಂದಾಗಿ ನಿಂತವು. ಅರೆಗತ್ತಲಲ್ಲಿ ಯಾರೋ ಏನೋ ಹೇಳಿ ಯಾರೋ ನಕ್ಕರು. ಆಮೇಲೆ ಜನರೇಟರ್ ಶುರುವಾಯಿತು. ಆ ಸದ್ದು ದಿನವೂ ಕಿಟಕಿಯ ಹೊರಗಿನಿಂದ ಬರುತ್ತಿತ್ತು. ಅವತ್ತು ನಮ್ಮ ಪಾದದ ಕೆಳಗಿನಿಂದ ಬಂತು. ನೆಲ ನಡುಗಿತು. ದೀಪ ಬಂತು, ಯಂತ್ರ ಓಡಿದವು. ಆ ಸದ್ದು ತಪ್ಪು ದಿಕ್ಕಿನಿಂದ ಬರುತ್ತಿದೆ ಎಂದು ನನ್ನ ಕಿವಿಗೆ ಗೊತ್ತಾಗಿತ್ತು. ಬುದ್ಧಿಗೆ ಗೊತ್ತಾಗಲು ಹೊತ್ತು ಹಿಡಿಯಿತು. ಇವತ್ತಿಗೂ ಮಲಗಿದಾಗ ನಾನು ಮತ್ತೆ ಮತ್ತೆ ನಿಲ್ಲುವುದು ಅಲ್ಲೇ, ಆ ಎರಡರ ನಡುವೆ.

ಮೊದಲು ಬಂದದ್ದು ವಾಸನೆ. ಬಟ್ಟೆ ಸುಟ್ಟ ವಾಸನೆ. ಎಲ್ಲರೂ ಒಟ್ಟಿಗೆ ಇಸ್ತ್ರಿ ಮೇಜಿನ ಕಡೆ ತಿರುಗಿದರು, ಏಕೆಂದರೆ ಆ ವಾಸನೆ ಆ ಮಹಡಿಯಲ್ಲಿ ಯಾವಾಗಲೂ ಬರುತ್ತಿದ್ದದ್ದು ಅಲ್ಲಿಂದಲೇ. ಇಸ್ತ್ರಿ ತಣ್ಣಗಿತ್ತು. ರತ್ನ ಮೆಟ್ಟಿಲ ಬಾಗಿಲು ತೆರೆದಳು. ಹೊಗೆ ಒಳಗೆ ಬಂತು ಎನ್ನಲಾರೆ. ಒಳಗೆ ಬೀಳಲು ಕಾದು ನಿಂತಿದ್ದ ಹಾಗಿತ್ತು. ಜನರೇಟರಿನ ಹೊಗೆಕೊಳವೆ ಮೂಟೆಗಳ ಕಡೆಗೇ ತಿರುಗಿತ್ತು ಎಂದು ಆಮೇಲೆ ತಿಳಿಯಿತು. ಜೀನ್ಸ್ ಉರಿದು ಏಳುವ ಬಟ್ಟೆಯಲ್ಲ. ಒಳಗೊಳಗೇ ಬೇಯುತ್ತದೆ.

ನಾಲ್ಕಾರು ಜನ ಇಳಿಯಲು ನುಗ್ಗಿದರು, ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬಂದರು. ನಾನು ಬಾಗಿಲಲ್ಲಿ ನಿಂತು ಸಾಕಮ್ಮನ ಹೆಸರು ಕೂಗಿದೆ. ಕೆಳಗೆಲ್ಲೋ ಒಂದು ಸಲ ಯಾರೋ ಕೆಮ್ಮಿದರು. ಅದು ಅವಳೇ ಎಂದು ನಾನು ಪ್ರಮಾಣ ಮಾಡಲಾರೆ. ಎರಡು ಮೆಟ್ಟಿಲು ಇಳಿದೆ. ಮೂಟೆಯೊಂದು ಉರುಳಿ ಅಡ್ಡ ಬಿದ್ದಿತ್ತು. ಅದನ್ನು ತಳ್ಳಲು ಉಸಿರು ಎಳೆದೆ, ಎಳೆದದ್ದು ಉಸಿರಾಗಿರಲಿಲ್ಲ. ರತ್ನ ನನ್ನ ಸೀರೆ ಹಿಡಿದು ಎಳೆದು ಬಾಗಿಲು ಹಾಕಿದಳು. ಕುಡಿಯುವ ನೀರಿನ ಕೊಡವನ್ನು ಬಟ್ಟೆಯ ಮೇಲೆ ಸುರಿದು ಬಾಗಿಲ ಸಂದಿಗೆ ತುರುಕಿದರು.

ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಒಂದೇ ಒಂದು ಕಡೆ ಸರಳಿರಲಿಲ್ಲ: ಅಂಗಳದಿಂದ ಮೂಟೆ ಮೇಲೆಳೆಯಲು ಮುಂಗೋಡೆಯಲ್ಲಿ ಬಿಟ್ಟಿದ್ದ ಬಾಗಿಲು. ಅದರ ಮೇಲೆ ಒಂದು ರಾಟೆ, ಹಗ್ಗ, ಕೊಕ್ಕೆ. ಅದನ್ನು ತೆರೆದೆವು. ಕೆಳಗೆ ಕಮಿಷನರ್ ಆಗಷ್ಟೇ ಬಂದಿದ್ದರು, ಕ್ಯಾಮೆರಾದವನು ಅವರನ್ನು ಅಂಗಳದ ನಡುವೆ ನಿಲ್ಲಿಸುತ್ತಿದ್ದ. ತಿಪ್ಪೇಸ್ವಾಮಿ ತಲೆಯೆತ್ತಿ, ಕೈ ಬೀಸಿ, "ಬಾಗ್ಲಾ ಹಾಕ್ರಿ, ಫೋಟೋದಾಗ ಬೀಳ್ತೀರಿ" ಎಂದರು. ಆಮೇಲೆ ನಮ್ಮ ಹಿಂದಿನಿಂದ ಹೊಗೆ ಹೊರಗೆ ಬಂತು. ಅವರ ಕೈ ಎತ್ತಿದ್ದು ಎತ್ತಿದಂತೆಯೇ ಉಳಿಯಿತು.

ಬಾಷಾ ಎದ್ದು ನಿಂತದ್ದು ಕಂಡಿತು. ಟ್ರ್ಯಾಕ್ಟರನ್ನು ಗೋಡೆಯ ಬುಡಕ್ಕೆ ತರಿಸಿದ. ಅಂಗಳದಲ್ಲಿ ಅಡ್ಡ ಏನೂ ಇರಲಿಲ್ಲವಲ್ಲ, ನೇರ ಬಂತು. ಅದರ ಮೇಲಿಂದ ಹಾಕಿದ ಏಣಿ ಮೊದಲ ಮಹಡಿಯ ಕಿಟಕಿಯ ಮೇಲಿನ ಸಜ್ಜಾಕ್ಕೆ ಮುಟ್ಟಿತು, ನಮಗೆ ಮುಟ್ಟಲಿಲ್ಲ. ಹಗ್ಗದ ತುದಿ ಕೆಳಗೆ ಎಸೆದೆವು, ಆಳುಗಳು ಹಿಡಿದರು. ಆದರೆ ಕೊಕ್ಕೆಗೆ ಮೂಟೆ ಸಿಕ್ಕಿಸಬಹುದು, ಮನುಷ್ಯರನ್ನು ಹೇಗೆ ಸಿಕ್ಕಿಸುವುದು? ಯಾರೋ ಬಟ್ಟೆ ಗಂಟು ಹಾಕಲು ಹೋದರು.

"ಗಂಟು ಜಾರ್ತದೆ" ಎಂದಳು ರತ್ನ. ಯಂತ್ರದ ಮುಂದೆ ಕೂತುಬಿಟ್ಟಳು. "ಬಟ್ಟೆ ಕೊಡ್ರಿ ಇಲ್ಲಿ."

ರೋಲಿನಿಂದ ಹರಿದು ಕೊಟ್ಟ ಜೀನ್ಸನ್ನು ಮಡಚಿ, ಎರಡು ತುದಿ ಸೇರಿಸಿ, ಮಕ್ಕಳ ಜೋಲಿಯಂಥದ್ದೊಂದನ್ನು ಹೊಲಿಯಲು ಶುರು ಮಾಡಿದಳು. ಜೋಡಿ ಹೊಲಿಗೆ, ಅದರ ಮೇಲೆ ಇನ್ನೊಂದು. ನಾನು ಅವಳ ಹಿಂದೆ ನಿಂತಿದ್ದೆ. ಯಂತ್ರ ಓಡುತ್ತಿದ್ದದ್ದು ಕೆಳಗೆ ನಮ್ಮನ್ನು ಕೊಲ್ಲುತ್ತಿದ್ದ ಜನರೇಟರಿನ ಕರೆಂಟಿನಿಂದಲೇ. ಅದು ನಿಲ್ಲಲಿ ಎಂದು ಬೇಡಬೇಕೋ, ಈ ಹೊಲಿಗೆ ಮುಗಿಯುವತನಕ ನಿಲ್ಲದಿರಲಿ ಎಂದು ಬೇಡಬೇಕೋ ತಿಳಿಯಲಿಲ್ಲ. ಕೊನೆಯ ಹೊಲಿಗೆ ತಿರುಗಿಸಿ ದಾರ ಕಚ್ಚುವಾಗ ದೀಪ ಆರಿತು.

ಜೋಲಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಇಳಿಸಿದೆವು. ಗಟ್ಟಿಮುಟ್ಟಾದ ಹುಡುಗಿಯರು ಯಂತ್ರದ ಕಾಲಿಗೆ ಕಟ್ಟಿ ಇಳಿಬಿಟ್ಟ ಬಟ್ಟೆ ಹಿಡಿದು ಸಜ್ಜಾಕ್ಕೆ ಜಾರಿ ಏಣಿ ಹಿಡಿದರು. ರಾಟೆ ಕಿರ್ರೆನ್ನುತ್ತಿತ್ತು. ಖಾಲಿ ಜೋಲಿ ಮೇಲೆ ಬರುವತನಕ ನಾವು ಹೊಟ್ಟೆ ನೆಲಕ್ಕೆ ಹಚ್ಚಿ ಬಾಗಿಲಿನಿಂದ ತಲೆ ಹೊರಗೆ ಹಾಕಿ ಮಲಗುತ್ತಿದ್ದೆವು. ಕೊನೆಗೆ ನಾನು ಮತ್ತು ರತ್ನ ಉಳಿದೆವು. ನೀನು ಮೊದಲು ಎಂದೆ. ನನ್ನ ಅಕ್ಕನಿಗೆ ನಾನೇನು ಹೇಳಲಿ ಎಂದೆ. ಅವಳು ಜಗಳ ಮಾಡಲಿಲ್ಲ. ನನ್ನನ್ನು ಹಿಡಿದು ಜೋಲಿಗೆ ತಳ್ಳಿಬಿಟ್ಟಳು. "ನಿಂಗೆ ಬಟ್ಟೆ ಹಿಡ್ದು ಇಳಿಯಕ್ಕೆ ಬರಲ್ಲ ಚಿಕ್ಕಮ್ಮ. ನಾನ್ ಬತ್ತೀನಿ" ಎಂದದ್ದು ನಾನು ಗಾಳಿಯಲ್ಲಿ ತೂಗುತ್ತಿದ್ದಾಗ ಕೇಳಿಸಿತು.

ಅವಳು ಬಂದಳು. ಸಜ್ಜಾ ತಪ್ಪಿ, ಬಟ್ಟೆ ಹಿಡಿದೇ ನೇರ ಜಾರಿ ಟ್ರ್ಯಾಕ್ಟರಿನ ಮೇಲೆ ಬಿದ್ದಳು. ಅಂಗೈಯ ಚರ್ಮ ಬಟ್ಟೆಯ ಜೊತೆ ಹೋಗಿತ್ತು.

ಸಾಕಮ್ಮ ಮೆಟ್ಟಿಲ ಮೇಲಿದ್ದಾಳೆ ಎಂದು ನಾನು ಕಾಲು ನೆಲಕ್ಕೆ ತಾಗಿದಾಗಿನಿಂದ ಕೂಗುತ್ತಲೇ ಇದ್ದೆ. ಬಾಷಾ ಮತ್ತು ಆಳುಗಳು ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಕೆಳಗಿನಿಂದ ಮೂಟೆ ಎಳೆದು ಹಾಕತೊಡಗಿದರು. ಹೊಗೆಯಾಡುವ ಮೂಟೆಗಳು ಒಂದೊಂದಾಗಿ ಹೊರಗೆ ಬಂದವು. ನೋಡುನೋಡುತ್ತಿದ್ದಂತೆ ಅಂಗಳ ದಿನವೂ ಇರುತ್ತಿದ್ದಷ್ಟೇ ತುಂಬಿತು. ಕೊನೆಗೆ ಅವಳನ್ನು ಹೊರಗೆ ತಂದರು. ಮೈಮೇಲೆ ಒಂದು ಸುಟ್ಟ ಗುರುತಿರಲಿಲ್ಲ. ಬೇರೆ ಜಾಗವಿಲ್ಲದೆ ಗಡಿಯಾರದ ಕೆಳಗಿನ ಕಂಬದ ಹತ್ತಿರವೇ ಮಲಗಿಸಿದರು. ಅವಳ ಜಾಗ ಅದೇ ಎಂದು ಮಲಗಿಸಿದವರಿಗೆ ಗೊತ್ತಿರಲಿಲ್ಲ.

ಆಮೇಲೆ ವಿಚಾರಣೆ. ಮಾಲೀಕನ ಪರ ವಕೀಲರು ನಮ್ಮದೇ ಫೋಟೋ ತೋರಿಸಿದರು: ಆ ದಿನ ಅಂಗಳ ಪೂರ್ತಿ ಖಾಲಿ ಇತ್ತು, ಮುನ್ಸಿಪಾಲಿಟಿಯೇ ಸಾಕ್ಷಿ. ನಿಜವೇ. ಕಾಗದದ ಮೇಲೆ ಆ ಕಟ್ಟಡ ಅಷ್ಟು ಕಾನೂನುಬದ್ಧವಾಗಿ ಇದ್ದದ್ದು ಅದೊಂದೇ ದಿನ. ಸಾಕ್ಷಿ ಹೇಳುವ ಮುನ್ನ ಮೂರ್ತಿ ಸಾರು ನಮ್ಮ ಮನೆಗೆ ಬಂದರು. ಕೂರಲಿಲ್ಲ. ಮೈಕಿನ ವಿಷಯ ಕೇಳಿದರೆ ಹೇಳು, ಕೇಳದಿದ್ದರೆ ನೀನಾಗಿ ತೆಗೆಯಬೇಡ ಎಂದರು. ಜಗಳ ತಪ್ಪಿಸಲು ಮಾಡಿದ್ದಮ್ಮಾ ಎಂದರು. ಅದೂ ನಿಜವೇ. ಅವರ ಅಂಗಿ ಇಸ್ತ್ರಿ ಇಲ್ಲದೆ ಸುಕ್ಕಾಗಿತ್ತು.

ವಿಚಾರಣೆಯಲ್ಲಿ ಮೈಕಿನ ವಿಷಯ ಯಾರೂ ಕೇಳಲಿಲ್ಲ. ಶೆಡ್ಡು, ಬೀಗ, ಕೀಲಿ, ಜನರೇಟರ್ ಚಾಲೂ ಮಾಡಿದವನ ಹೆಸರು, ಎಲ್ಲ ಕೇಳಿದರು. ಎದ್ದು ಹೋಗಬಹುದು ಎಂದಾಗ ನಾನು ಏಳಲಿಲ್ಲ. ಮೂಟೆ ಮೆಟ್ಟಿಲಿಗೆ ಹೋದದ್ದು ಯಾಕೆ ಎಂದು ನೀವು ಕೇಳಿಲ್ಲ ಎಂದೆ. ಹಿಂದಿನ ದಿನ ನಾವೇ ಸಾರಿದ್ದಕ್ಕೆ ಹೋದವು ಎಂದೆ. ಅಂಗಳ ಫೋಟೋಕ್ಕೆ ಖಾಲಿ ಇರಬೇಕೆಂದು ಸಾಕಮ್ಮ ಮೆಟ್ಟಿಲಲ್ಲಿ ಕೂತು ಉಣ್ಣುತ್ತಿದ್ದಳು ಎಂದೆ. ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು, ಆಮೇಲೆ ಮತ್ತೆ ಎತ್ತಿಕೊಂಡರು.

ರಾಯದುರ್ಗದಲ್ಲಿ ಮೈಕ್ ನಿಂತಿತು. ಹೊಲಿಗೆ ನಡೆಸುತ್ತಿದ್ದ ಗುತ್ತಿಗೆದಾರನಿಗೆ ಶಿಕ್ಷೆಯಾಯಿತು, ಮಾಲೀಕನ ಪ್ರಕರಣ ಎಳೆಯಿತು. ಮೂರ್ತಿ ಸಾರು ನನ್ನ ಜೊತೆ ಮಾತು ಬಿಡಲಿಲ್ಲ, ಆದರೆ 'ಅಮ್ಮಾ' ಎನ್ನುವುದನ್ನು ಬಿಟ್ಟರು. ಮುಂದೆ ನಾನು ಮಡಕಶಿರಕ್ಕೆ ಬಂದೆ.

ಮಡಕಶಿರದಲ್ಲಿ ನನ್ನ ಪದ್ಧತಿ ಬೇರೆ ಮಾಡಿಕೊಂಡೆ. ಟೇಪಿಗಿಂತ ಮೊದಲು ಬುತ್ತಿ. ಯಾವ ಕಾಂಪ್ಲೆಕ್ಸಿನಲ್ಲಿ ಜನರಿಗೆಂದು ಜಾಗ ಬಿಡಿಸಿದ್ದೇವೋ ಅಲ್ಲಿಗೆ ಮಧ್ಯಾಹ್ನ ಹೇಳದೆ ಹೋಗಿ, ಕೂತು ಮುದ್ದೆ ಉಣ್ಣುವುದು. ಯಾರಾದರೂ ಎಬ್ಬಿಸಿದರೆ ಆ ಜಾಗ ಒತ್ತುವರಿಯಾಗಿದೆ ಎಂದು ಅರ್ಥ. ಎಬ್ಬಿಸದಿದ್ದರೆ ಉಂಡು, ಕೈ ತೊಳೆದು, ಒಳಗೆ ಹೋಗಿ ಮೆಟ್ಟಿಲು ನೋಡುವುದು. ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯವನು ಒಮ್ಮೆ, "ಅಮ್ಮಯ್ಯ, ಇಲ್ಲಿ ಕುಂತ್ರೆ ಒಂದು ಬನ್ನಾದ್ರೂ ತಗಾಬೇಕು" ಎಂದ. ಬನ್ನು ತೆಗೆದುಕೊಂಡು, ತಿಂದು, ನೋಟಿಸು ಕೊಟ್ಟೆ. ಊರಿನಲ್ಲಿ ನನಗೆ ಮುದ್ದೆ ಮೇಡಮ್ ಎಂದು ಹೆಸರು ಬಿತ್ತು. ಹೊಸದಾಗಿ ಕೆಲಸಕ್ಕೆ ಬರುವವರಿಗೆ ನಾನು ಹೇಳಬಹುದಾದ ವಿದ್ಯೆ ಇಷ್ಟೇ.

ಹೋದ ತಿಂಗಳು ಬಾಷಾನ ಮಗಳ ಮದುವೆಗೆ ರತ್ನ ಮತ್ತು ನಾನು ರಾಯದುರ್ಗಕ್ಕೆ ಹೋಗಿದ್ದೆವು. ರತ್ನ ಈಗ ಅಗಳಿಯಲ್ಲಿ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ದಪ್ಪ ಬಟ್ಟೆ ಹಿಡಿಯಲು ಕೈ ಬಗ್ಗುವುದಿಲ್ಲ. ಅಂಗೈಯ ಗಾಯ ಮಾಯುವಾಗ ಜೀನ್ಸಿನ ಬಣ್ಣ ಒಳಗೇ ಉಳಿದು ಎರಡೂ ಕೈಯಲ್ಲಿ ಹಚ್ಚೆಯಂತೆ ನೀಲಿ ಗೆರೆಗಳಿವೆ. ಮದುವೆ ಮನೆಗೆ ಬೇಗ ಬಂದಿದ್ದೆವು. ದಾರಿಗೆಂದು ಕಟ್ಟಿಕೊಂಡ ಬುತ್ತಿ ಚೀಲದಲ್ಲೇ ಇತ್ತು. ಇಬ್ಬರೂ ಏನೂ ಮಾತಾಡಿಕೊಳ್ಳದೆ ಮಾರ್ಕೆಟ್ ಬೀದಿಗೆ ನಡೆದೆವು.

ಗಡಿಯಾರ ಈಗ ಓಡುತ್ತಿದೆ. ಕೆಳಗೆ ಜ್ಯೂಸಿನ ಅಂಗಡಿ. ಅಂಗಳದ ತುಂಬಾ ಬಣ್ಣದ ಕುರ್ಚಿ, ಸುತ್ತ ಕುಂಡ, ಕುಂಡಗಳ ನಡುವೆ ಸರಪಳಿ. ಸರಪಳಿ ದಾಟಿ ಕಂಬದ ಹತ್ತಿರ ಕೂತು ರತ್ನ ಡಬ್ಬಿ ತೆರೆದಳು. ಅಂಗಡಿಯವನು ಬಂದು ಏನು ಕೊಡಲಿ ಎಂದ. ಏನೂ ಬೇಡ, ಉಣ್ಣಲು ಕೂತಿದ್ದೇವೆ ಎಂದೆ. ಒಳ್ಳೆಯ ಮನುಷ್ಯ, ಜೋರು ಮಾಡಲಿಲ್ಲ.

"ಇದು ಗಿರಾಕಿಗೆ ಅಷ್ಟ ರೀ, ಅಮ್ಮಾರ. ನಾಳೆ ಬರ್ರಿ. ಮುನ್ಸಿಪಾಲ್ಟಿಯವ್ರು ನಾಳೆ ಬರ್ತಾರಂತ ನಮ್ಮ ಅಂಗಡ್ಯವ್ರ ಗ್ರೂಪಿನ್ಯಾಗ ಮೆಸೇಜ್ ಬಂದೈತಿ. ನಾಳೆ ಪೂರಾ ಖಾಲಿ ಮಾಡ್ತೀವಿ. ಎಲ್ಲಿ ಬೇಕಂದ್ರ ಅಲ್ಲಿ ಕುಂದರ್ರಿ."

ಖಾಲಿ ಮಾಡಿ ಎಲ್ಲಿಡುತ್ತೀಯಪ್ಪಾ ಎಂದು ಕೇಳಿದೆ.

ಅವನು ತಿರುಗಿಯೂ ನೋಡದೆ ಹೆಬ್ಬೆರಳನ್ನು ಹಿಂದಕ್ಕೆ ತೋರಿಸಿದ. ಮೆಟ್ಟಿಲ ಬಾಗಿಲು. ಒಳಗೆ ಆಗಲೇ ಜ್ಯೂಸಿನ ಕ್ರೇಟುಗಳು, ಒಂದು ಫ್ರಿಜ್ಜಿನ ಪೆಟ್ಟಿಗೆ. ಮೇಲಿನ ಮಹಡಿಯಿಂದ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುವ ದನಿ ಬರುತ್ತಿತ್ತು, ಟ್ಯೂಷನ್ ಇರಬೇಕು.

ರತ್ನ ಡಬ್ಬಿಯ ಮುಚ್ಚಳ ಹಾಕಿದಳು. ನನಗಿಂತ ಮೊದಲು ಎದ್ದು ಒಳಗೆ ಹೋಗಿ, ಒಂದು ಕ್ರೇಟಿನ ಒಂದು ತುದಿ ಹಿಡಿದು ನನ್ನನ್ನು ನೋಡಿದಳು. ಇನ್ನೊಂದು ತುದಿ ನಾನು ಹಿಡಿದೆ. ಹೊತ್ತು ತಂದು ಅಂಗಳದ ನಡುವೆ, ರಸ್ತೆಗೆ ಚೆನ್ನಾಗಿ ಕಾಣುವ ಹಾಗೆ ಇಟ್ಟೆವು. ಇನ್ನೊಂದಕ್ಕೆ ತಿರುಗಿದೆವು.

"ಅಮ್ಮಾರ, ಏನ್ ಮಾಡಾಕತ್ತೀರಿ? ನಾಳೆ ಇನ್‌ಸ್ಪೆಕ್ಷನ್ ಐತಿ ಅಂದೆನಲ್ರಿ" ಎಂದು ಅವನು ಹಿಂದೆ ಬಂದ.

"ಅದಕ್ಕೇ ಕಣಪ್ಪ" ಎಂದಳು ರತ್ನ. "ಹಿಡ್ಕ, ನೀನೂ ಒಂದ್ ಕೈ."